ಮೊಲೊಕಾಯಿಯಲ್ಲಿ ನೆಲೆನಿಂತ ಬ್ರದರ್ ಜೋಸೆಫ್

ಶತಮಾನೋತ್ಸವ ಸಂಚಿಕೆಗಳ ಮೊದಲ ಪುಟಗಳಲ್ಲಿ ನಮಗೆ ಸಾಮಾನ್ಯವಾಗಿ ಎದುರಾಗುವುದು ಉದ್ದ ಗಡ್ಡದ, ದೂರದೇಶದ ಗುರುಗಳ ಪಟಗಳು. ಪಟದ ಕೆಳಗೆ ಅವರು ಹುಟ್ಟಿದ ಊರು, ನಮ್ಮ ನಾಡಿಗೆ ಬಂದ ವರ್ಷ, ಇಲ್ಲಿಯೇ ಮಣ್ಣಾದ ವರ್ಷ. ಬಂದ ವರ್ಷಕ್ಕೂ ಮಡಿದ ವರ್ಷಕ್ಕೂ ನಡುವೆ ಮೂವತ್ತೋ ನಲವತ್ತೋ ವರ್ಷಗಳ ಅಂತರವಿರುತ್ತದೆ. ಅದನ್ನು ‘ಅವಿರತ ಸೇವೆ ಸಲ್ಲಿಸಿದರು’ ಎಂಬ ಒಂದೇ ಸಾಲಿನಲ್ಲಿ ನಾವು ದಾಟಿಬಿಡುತ್ತೇವೆ. ತನ್ನದಲ್ಲದ ಭಾಷೆ, ತನ್ನದಲ್ಲದ ಅನ್ನ, ತನ್ನದಲ್ಲದ ಹವೆಯ ನಡುವೆ ಹೀಗೆ ಬಂದವನೊಬ್ಬನು ಮೊದಲ ವರ್ಷವನ್ನು ಹೇಗೆ ಕಳೆದನು, ಹತ್ತನೆಯ ವರ್ಷಕ್ಕೆ ಏನಾದನು, ಆ ಊರಿನವರು ಅವನನ್ನು ತಮ್ಮವನೆಂದು ಎಣಿಸತೊಡಗಿದ್ದು ಯಾವುದರಿಂದ ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಚರಿತ್ರೆಯನ್ನು ಬರೆಯ ಹೊರಟವರು ಉತ್ತರ ಹುಡುಕಬೇಕಾದುದು ಈ ನಡುವಿನ ವರ್ಷಗಳಲ್ಲಿಯೇ ಎಂದು ನನ್ನ ಎಣಿಕೆ.

ಇಂತಹ ಉತ್ತರವನ್ನು ವಿವರವಾಗಿ ಕೊಡಬಲ್ಲ ಚರಿತ್ರೆಯೊಂದು ಶಾಂತ ಮಹಾಸಾಗರದ ಹವಾಯಿ ದ್ವೀಪಗಳಲ್ಲಿ ನಡೆದಿದೆ. ಮೊಲೊಕಾಯಿ ಎಂದೊಡನೆ ಸಂತ ದಾಮಿಯನ್ನರ ಹೆಸರು ಜ್ಞಾನೋಪದೇಶದ ಮಕ್ಕಳ ಬಾಯಲ್ಲಿಯೂ ಬರುತ್ತದೆ. ಆದರೆ ದಾಮಿಯನ್ನರ ಕೊನೆಯ ಮೂರು ವರ್ಷಗಳಲ್ಲಿ ಅವರ ಬಲಗೈಯಾಗಿದ್ದು, ಅವರು ಕಣ್ಣುಮುಚ್ಚಿದ ಮೇಲೆ ಇನ್ನೂ ಸುಮಾರು ನಲವತ್ತೆರಡು ವರ್ಷ ಬದುಕಿ ಆ ಕೆಲಸವನ್ನು ನಡೆಸಿಕೊಂಡು ಹೋದ ಜೋಸೆಫ್ ಡಟ್ಟನ್ನರನ್ನು ನಮ್ಮಲ್ಲಿ ಬಲ್ಲವರು ಕಡಿಮೆ. ಅವರು ಗುರುದೀಕ್ಷೆ ಪಡೆದವರಲ್ಲ. ಮಠದ ವ್ರತಗಳನ್ನು ತೊಟ್ಟವರೂ ಅಲ್ಲ. ಯಾರೂ ಕಳುಹಿಸದೆ, ಸಂಬಳ ಕೇಳದೆ ತಾನಾಗಿ ಬಂದ ಗೃಹಸ್ಥ. ಈಗಿನ ಮಾತಿನಲ್ಲಿ ಸ್ವಯಂಸೇವಕ.

ಮೊದಲು ಆ ಸ್ಥಳದ ಪರಿಚಯವಾಗಬೇಕು. ಹವಾಯಿ ಆಗ ಒಂದು ಸ್ವತಂತ್ರ ರಾಜ್ಯ. ಹೊರಗಿನ ಹಡಗುಗಳೊಡನೆ ಬಂದ ಸಿಡುಬು, ದಡಾರಗಳಿಂದ ಅಲ್ಲಿಯ ಮೂಲ ಜನರು ಸಾವಿರಗಟ್ಟಲೆಯಾಗಿ ಅಳಿದು ಕುಗ್ಗಿಹೋಗಿದ್ದ ಕಾಲದಲ್ಲಿ ಕುಷ್ಠರೋಗವೂ ಹರಡಿತು. ಮದ್ದಿಲ್ಲದ ಆ ದಿನಗಳಲ್ಲಿ ಸರಕಾರಕ್ಕೆ ತೋಚಿದುದು ಬೇರ್ಪಡಿಸುವ ಉಪಾಯವೊಂದೇ. ಐದನೆಯ ಕಮೆಹಾಮೆಹಾ ದೊರೆಯ ಕಾಲದಲ್ಲಿ, 1865ರಲ್ಲಿ, ಅದು ಕಾನೂನಾಯಿತು. ರೋಗಿಗಳನ್ನು ಇರಿಸಲು ಆರಿಸಿಕೊಂಡ ಸ್ಥಳ ಮೊಲೊಕಾಯಿ ದ್ವೀಪದ ಉತ್ತರ ದಿಕ್ಕಿನಲ್ಲಿ ಕಡಲಿಗೆ ಚಾಚಿಕೊಂಡ ಒಂದು ಭೂಶಿರ. ಮೂರು ಕಡೆ ಅಬ್ಬರದ ಸಮುದ್ರ. ನಾಲ್ಕನೆಯ ಕಡೆ ಎರಡು ಸಾವಿರ ಅಡಿಗೂ ಮಿಕ್ಕಿ ನೆಟ್ಟಗೆ ನಿಂತ ಬಂಡೆಯ ಗೋಡೆ. ಭೂಶಿರದ ಪೂರ್ವದ ಮಗ್ಗುಲಲ್ಲಿ ಕಲವಾವೊ ಎಂಬ ಹಳ್ಳಿ, ಪಶ್ಚಿಮದ ಮಗ್ಗುಲಲ್ಲಿ ಕಲೌಪಾಪ. 1866ರ ಜನವರಿ 6ರಂದು, ನಾವು ಮೂರು ರಾಯರ ಹಬ್ಬವನ್ನು ಆಚರಿಸುವ ದಿನ, ಒಂಬತ್ತು ಗಂಡಸರು ಮತ್ತು ಮೂವರು ಹೆಂಗಸರು ಅಲ್ಲಿ ಇಳಿಸಲ್ಪಟ್ಟ ಮೊದಲಿಗರು. ಮುಂದಿನ ಒಂದು ಶತಮಾನದಲ್ಲಿ ಹೀಗೆ ಅಲ್ಲಿಗೆ ಕಳುಹಿಸಲ್ಪಟ್ಟವರ ಸಂಖ್ಯೆ ಸುಮಾರು 8,000. ಅವರಲ್ಲಿ ಹೆಚ್ಚಿನವರು ಮೂಲ ಹವಾಯಿಯವರು, ಮಕ್ಕಳೂ ಇದ್ದರು.

ಆ ಜನರ ಭಾಷೆಯಲ್ಲಿ ‘ಕೊಕುವಾ’ ಎಂಬ ಮಾತಿದೆ. ಸಹಾಯ ಎಂದೂ ಸಹಾಯಕ ಎಂದೂ ಅರ್ಥ. ಗಂಡನನ್ನು ಹಡಗಿಗೆ ಹತ್ತಿಸಿದಾಗ ತಾನೂ ಹತ್ತಿದ ಹೆಂಡತಿ, ಮಗಳ ಜೊತೆ ಹೊರಟ ತಾಯಿ, ತಮ್ಮನ ಜೊತೆ ಹೊರಟ ಅಣ್ಣ ಇವರನ್ನು ಕೊಕುವಾ ಎಂದು ಕರೆದರು. ಇವರು ಆರೋಗ್ಯವಂತರು, ಅವರನ್ನು ಹೋಗೆಂದು ಯಾವ ಕಾನೂನೂ ಹೇಳಿರಲಿಲ್ಲ. ಗೆಡ್ಡೆ ಬೆಳೆದರು, ನೀರು ಹೊತ್ತರು, ಹುಣ್ಣು ತೊಳೆದರು, ಗುಂಡಿ ತೋಡಿದರು. ಯುರೋಪಿನಿಂದಲೂ ಅಮೆರಿಕದಿಂದಲೂ ಒಬ್ಬ ಪರೋಪಕಾರಿಯೂ ಬರುವ ಮೊದಲು ಆ ಭೂಶಿರದಲ್ಲಿ ಸ್ವಯಂಸೇವಕರಾಗಿ ನೆಲೆಸಿದವರು ಇವರೇ. ನಮ್ಮ ಪುಸ್ತಕಗಳಲ್ಲಿ ಇವರಿಗೆ ತಕ್ಕ ಸ್ಥಾನ ಸಿಕ್ಕಿಲ್ಲವೆಂಬುದು ಖೇದದ ಸಂಗತಿ.

ಇವರಲ್ಲಿ ಒಬ್ಬರ ಹೆಸರನ್ನಾದರೂ ಇಲ್ಲಿ ಸ್ಮರಿಸುವುದು ಉಚಿತ. ಜೊನಾತಾನಾ ನಪೇಲಾ ಎಂಬುವರು ಮಾವಿ ದ್ವೀಪದ ಗಣ್ಯರು, ನ್ಯಾಯಾಧೀಶರಾಗಿದ್ದವರು, ಮೊರ್ಮನ್ ಪಂಥದವರು. ಆ ಪಂಥದ ಧರ್ಮಗ್ರಂಥವನ್ನು ಹವಾಯಿ ಭಾಷೆಗೆ ತರುವಲ್ಲಿ ನೆರವಾದವರು. 1873ರಲ್ಲಿ ಪತ್ನಿ ಕಿಟಿಯವರಿಗೆ ರೋಗ ತಗುಲಿ ಮೊಲೊಕಾಯಿಗೆ ಕಳುಹಿಸಿದಾಗ ನಪೇಲಾ ಕೊಕುವಾ ಆಗಿ ಜೊತೆಗೆ ಹೋದರು. ಅಲ್ಲಿ ಸ್ವಲ್ಪ ಕಾಲ ಅಧಿಕಾರದ ಕೆಲಸವನ್ನೂ ನೋಡಿಕೊಂಡರು. ಅಧಿಕಾರ ಹೋಗಿ ಅವರನ್ನು ಹೊರಗೆ ಕಳುಹಿಸುವ ಮಾತು ಬಂದಾಗ, ವಿವಾಹದ ದಿನ ಪತ್ನಿಗೆ ಕೊಟ್ಟ ಮಾತನ್ನು ಮುಂದಿಟ್ಟು ಅಲ್ಲಿಯೇ ಇರಲು ಬಿಡಬೇಕೆಂದು ಬೇಡಿಕೊಂಡರು. ಅಪ್ಪಣೆ ಸಿಕ್ಕಿತು, ಕಾಲಾನಂತರ ರೋಗವೂ ಅಂಟಿತು. 1879ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಪತ್ನಿಯೂ. ಪಂಥ ಬೇರೆಯಾದರೂ ದಾಮಿಯನ್ನರಿಗೆ ಅವರು ಆಪ್ತರಾಗಿದ್ದರು.

ದಾಮಿಯನ್ನರ ಜೀವನಚರಿತ್ರೆಗಳಲ್ಲಿ ಅವರು ಬರುವ ಮುನ್ನಿನ ಕಲವಾವೊವನ್ನು ಕಾನೂನಿಲ್ಲದ, ದೇವರಿಲ್ಲದ, ಕುಡಿತದಲ್ಲಿ ಮುಳುಗಿದ ಊರೆಂದು ವರ್ಣಿಸುವುದು ವಾಡಿಕೆ. ದುಃಖವೂ ಅನಾಚಾರವೂ ಅಲ್ಲಿ ಇದ್ದುದು ನಿಜ. ಆದರೆ ಇಡೀ ಊರು ಹಾಗಿತ್ತೆಂಬುದು ಸಂತರ ಕೀರ್ತಿಯನ್ನು ಬೆಳಗಿಸಲು ಹಿನ್ನೆಲೆಗೆ ಬಳಿದ ಕಪ್ಪು. 1866ರಲ್ಲಿಯೇ, ಅಂದರೆ ಬಂದಿಳಿದ ಮೊದಲ ವರ್ಷದಲ್ಲಿಯೇ, 35 ಮಂದಿ ರೋಗಿಗಳು ತಾವಾಗಿ ಸೇರಿ ಸಿಲೋಆಮಾ ಎಂಬ ಪ್ರೊಟೆಸ್ಟೆಂಟ್ ಸಭೆಯನ್ನು ಕಟ್ಟಿಕೊಂಡಿದ್ದರು. ಕಥೋಲಿಕರಿಗೂ ಸಂತ ಫಿಲೋಮಿನಾರ ಹೆಸರಿನ ಪುಟ್ಟ ಮರದ ಗುಡಿ 1872ರಲ್ಲಿಯೇ ಇತ್ತು. ಹೊರಗಿನಿಂದ ಬಂದವರು ಕಾಲಿಟ್ಟದ್ದು ಬರಿಯ ಬಯಲಿಗಲ್ಲ, ನೋವಿನ ನಡುವೆಯೂ ತನ್ನನ್ನು ತಾನು ಕಟ್ಟಿಕೊಳ್ಳುತ್ತಿದ್ದ ಒಂದು ಸಮಾಜಕ್ಕೆ. ಈ ವಿಷಯವನ್ನು ಮರೆತರೆ ಮುಂದಿನ ಕಥೆಯೂ ಅರ್ಥವಾಗದು.

ದಾಮಿಯನ್ ಸ್ವಾಮಿಯವರ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬಹುದು. 1840ರಲ್ಲಿ ಬೆಲ್ಜಿಯಮ್ಮಿನ ಟ್ರೆಮೆಲೊ ಗ್ರಾಮದ ರೈತ ಕುಟುಂಬದಲ್ಲಿ ಜನನ. ಯೇಸು ಮರಿಯರ ಪವಿತ್ರ ಹೃದಯಗಳ ಸಭೆಯ ಸದಸ್ಯರು. ಹವಾಯಿಗೆ ಹೊರಡಬೇಕಾಗಿದ್ದ ಅಣ್ಣ ಕಾಯಿಲೆ ಬಿದ್ದುದರಿಂದ ಅವರ ಬದಲಿಗೆ ಹೊರಟು, 1864ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ, ಹೊನೊಲುಲು ತಲುಪಿದರು. ಎರಡು ತಿಂಗಳಿಗೆ ಅಲ್ಲಿಯೇ ಗುರುದೀಕ್ಷೆಯಾಯಿತು. ಒಂಬತ್ತು ವರ್ಷ ದೊಡ್ಡ ದ್ವೀಪದ ಹಳ್ಳಿಗಳಲ್ಲಿ ದುಡಿದರು. 1873ರ ಮೇ ತಿಂಗಳಲ್ಲಿ ಧರ್ಮಾಧ್ಯಕ್ಷ ಮೆಗ್ರೇಯವರು ಮೊಲೊಕಾಯಿಯ ವಿಷಯವೆತ್ತಿದಾಗ ನಾಲ್ವರು ತರುಣ ಗುರುಗಳು ಸರದಿಯಂತೆ ಹೋಗಲು ಒಪ್ಪಿದರು. ಮೊದಲ ಸರದಿ ದಾಮಿಯನ್ನರದು. ಎರಡನೆಯ ಸರದಿ ಬರಲೇ ಇಲ್ಲ.

ಮೊದಲ ರಾತ್ರಿಗಳನ್ನು ಅವರು ಗುಡಿಯ ಪಕ್ಕದ ಕೇದಗೆ ಜಾತಿಯ ಮರದ ಕೆಳಗೆ ಮಲಗಿ ಕಳೆದರು. ಭಾಷೆ ಅವರಿಗೆ ಆಗಲೇ ಬರುತ್ತಿತ್ತು. ಒಂಬತ್ತು ವರ್ಷಗಳ ಹಳ್ಳಿವಾಸ ಕಲಿಸಿದ್ದು ಅದು. ಹವಾಯಿ ಭಾಷೆಯಲ್ಲಿ ವ್ಯಂಜನಗಳು ಬೆರಳೆಣಿಕೆಯಷ್ಟು, ‘ದ’ಕಾರವಿಲ್ಲ. ಆದ್ದರಿಂದ ಜನರ ಬಾಯಲ್ಲಿ ದಾಮಿಯನ್ ‘ಕಾಮಿಯಾನೊ’ ಆದರು. ಅಲ್ಲಿಯವರ ಮುಖ್ಯ ಆಹಾರ ಪೋಯಿ. ಕೆಸುವಿನ ಗೆಡ್ಡೆಯನ್ನು ಬೇಯಿಸಿ ಕುಟ್ಟಿ ನೀರು ಬೆರೆಸಿ ಮಾಡಿದ್ದು. ನಮ್ಮ ಗಂಜಿಗಿಂತ ಗಟ್ಟಿ, ಮುದ್ದೆಗಿಂತ ತೆಳು ಎನ್ನಬಹುದು. ಒಂದೇ ಬೋಗುಣಿಗೆ ಎಲ್ಲರೂ ಬೆರಳು ಅದ್ದಿ ತಿನ್ನುವುದು ಅಲ್ಲಿಯ ರೂಢಿ. ಹಾಗೆ ತಿನ್ನದವನು ಆ ಮನೆಯ ನೆಂಟನಾಗಲಾರ. ವೈದ್ಯರ ಎಚ್ಚರಿಕೆ ಒಂದು ಕಡೆ, ಬೋಗುಣಿಯ ಮುಂದೆ ಕುಳಿತ ಮುದುಕಿಯ ಮುಖ ಇನ್ನೊಂದು ಕಡೆ. ದಾಮಿಯನ್ನರು ಬೋಗುಣಿಯ ಕಡೆಗೆ ಸರಿದರು. ಅವರು ಬಡಗಿಯ ಕೆಲಸ ಬಲ್ಲವರು. ಮನೆ ಕಟ್ಟಿದರು, ಹೆಣದ ಪೆಟ್ಟಿಗೆಗಳನ್ನು ಮಾಡಿದರು, ಊರಿನವರನ್ನು ಸೇರಿಸಿಕೊಂಡು ನೀರಿನ ಕೊಳವೆ ಹಾಕಿಸಿದರು.

ಆರೋಗ್ಯ ಮಂಡಳಿಯವರು ಸ್ವಾಮಿಗಳಿಗೂ ಕಟ್ಟುನಿಟ್ಟು ಹೇರಿದ ಒಂದು ಕಾಲವಿತ್ತು: ಒಳಗೆ ಇರುವುದಾದರೆ ಹೊರಗೆ ಬರಕೂಡದು. ಆಗ ಮೇಲಧಿಕಾರಿಗಳಾದ ಗುರುಗಳು ಹಡಗಿನಲ್ಲಿ ಬಂದರೂ ಇಳಿಯಲು ಅಪ್ಪಣೆಯಿಲ್ಲದೆ, ದಾಮಿಯನ್ನರು ದೋಣಿಯಲ್ಲಿ ನಿಂತು ಹಡಗಿನತ್ತ ಕೂಗಿ ಪಾಪನಿವೇದನೆ ಮಾಡಿದ ಪ್ರಸಂಗ ಪ್ರಸಿದ್ಧವಾಗಿದೆ. ಜನರ ನಡುವೆ ಅವರು ಒಂಟಿಯಲ್ಲ. ಗುರುವಾಗಿ ಮಾತ್ರ ಒಂಟಿ. ಜೊತೆಗೆ ಬಂದ ಗುರುಗಳೊಡನೆ ಕಲಹಗಳಾದವು. ಸ್ವಭಾವದಲ್ಲಿ ಅವಸರ, ಮುಂಗೋಪ. ಹತ್ತು ಕೆಲಸ ಒಟ್ಟಿಗೆ ಹಚ್ಚಿಕೊಂಡು ಐದನ್ನು ಅರ್ಧಕ್ಕೆ ಬಿಡುವ ಚಾಳಿ. ಇದನ್ನು ಬರೆದರೆ ಸಂತರಿಗೆ ಅಪಚಾರವೆಂದು ನಾನು ಭಾವಿಸುವುದಿಲ್ಲ. 1884ರ ಕೊನೆಗೆ ಕಾಲುಗಳಲ್ಲಿ ಬಿಸಿನೀರಿನ ಸುಡುವಿಕೆ ತಿಳಿಯದೆ ಹೋಯಿತು; 1885ರಲ್ಲಿ ರೋಗ ನಿಶ್ಚಯವಾಯಿತು. ಮೊದಲಿನಿಂದಲೂ ತಮ್ಮನ್ನು ರೋಗಿಗಳೊಡನೆ ಸೇರಿಸಿ ‘ನಾವು’ ಎನ್ನುತ್ತಿದ್ದವರಿಗೆ ಆ ಮಾತು ಅಕ್ಷರಶಃ ಸತ್ಯವಾಯಿತು.

ಈ ಸ್ಥಿತಿಯಲ್ಲಿ, 1886ರ ಜುಲೈ 29ರಂದು, ನಲವತ್ತಮೂರು ವರ್ಷದ ಎತ್ತರದ ಅಮೆರಿಕನ್ ಒಬ್ಬರು ಹಡಗಿನಿಂದಿಳಿದರು.

ಅವರ ಹುಟ್ಟುಹೆಸರು ಐರಾ ಬಾರ್ನ್ಸ್ ಡಟ್ಟನ್. 1843ರ ಏಪ್ರಿಲ್ 27ರಂದು ಅಮೆರಿಕದ ವರ್ಮಾಂಟ್ ಸಂಸ್ಥಾನದ ಸ್ಟೋ ಎಂಬಲ್ಲಿ ಜನಿಸಿ, ವಿಸ್ಕಾನ್ಸಿನ್ನಿನ ಜೇನ್ಸ್‌ವಿಲ್‌ನಲ್ಲಿ ಬೆಳೆದರು. ಪ್ರೊಟೆಸ್ಟೆಂಟ್ ಮನೆತನ. 1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ಹದಿನೆಂಟರ ಹರೆಯದಲ್ಲಿ ಸೈನ್ಯ ಸೇರಿ, ದಂಡಿನ ಉಗ್ರಾಣವನ್ನು ನೋಡಿಕೊಳ್ಳುವ ಸಾರ್ಜೆಂಟ್ ಆಗಿ, ಮುಂದೆ ಲೆಫ್ಟಿನೆಂಟ್ ಆದರು. ಲೆಕ್ಕ, ಶಿಸ್ತು, ಸಾಮಾನು ಸಾಗಣೆ ಅವರಿಗೆ ಕರಗತ. ಯುದ್ಧ ಮುಗಿದ ಮೇಲೆ ಬಾಳು ಹಳಿ ತಪ್ಪಿತು. 1866ರಲ್ಲಿ ಆದ ಮದುವೆ ಬೇಗನೆ ಮುರಿಯಿತು. ಹತ್ತು ವರ್ಷ ಮದ್ಯದಲ್ಲಿ ಕಳೆದವು. ಹಗಲು ಕೆಲಸ, ರಾತ್ರಿ ಕುಡಿತ. 1876ರಲ್ಲಿ ಬಿಟ್ಟವರು ಮತ್ತೆ ಮುಟ್ಟಲಿಲ್ಲ. 1883ರ ಏಪ್ರಿಲ್ 27ರಂದು, ತಮ್ಮ ನಲವತ್ತನೆಯ ಹುಟ್ಟುಹಬ್ಬದ ದಿನ, ಮೆಂಫಿಸ್ ನಗರದಲ್ಲಿ ಕಥೋಲಿಕ ಧರ್ಮಸಭೆಗೆ ಸೇರಿ ಜೋಸೆಫ್ ಎಂಬ ಹೆಸರು ಪಡೆದರು.

ಕಳೆದ ದಿನಗಳಿಗೆ ಪ್ರಾಯಶ್ಚಿತ್ತವಾಗಬೇಕೆಂಬ ತವಕ ಅವರನ್ನು ಕೆಂಟಕಿಯ ಗೆತ್ಸೆಮನಿ ಟ್ರ್ಯಾಪಿಸ್ಟ್ ಮಠಕ್ಕೆ ಒಯ್ದಿತು. ಇಪ್ಪತ್ತು ತಿಂಗಳು ಮೌನದಲ್ಲಿದ್ದು, ತನಗೆ ಒಗ್ಗುವುದು ಮೌನವಲ್ಲ, ದುಡಿಮೆ ಎಂದು ಕಂಡುಕೊಂಡು ಹೊರಬಂದರು. ಅನಂತರ ಪತ್ರಿಕೆಯೊಂದರಲ್ಲಿ ದಾಮಿಯನ್ನರ ವಿಷಯ ಕಣ್ಣಿಗೆ ಬಿತ್ತು. ಓದಿದೊಡನೆ ಹೊರಟುಬಿಡಲಿಲ್ಲವೆಂಬುದು ಗಮನಾರ್ಹ. ಮೊಲೊಕಾಯಿಯನ್ನು ಕಣ್ಣಾರೆ ಕಂಡು ಅದರ ಬಗ್ಗೆ ಪುಸ್ತಕ ಬರೆದಿದ್ದ ಚಾರ್ಲ್ಸ್ ವಾರೆನ್ ಸ್ಟಾಡರ್ಡ್ ಎಂಬವರು ಆಗ ನೋತ್ರ್ ದಾಮ್ ವಿಶ್ವವಿದ್ಯಾನಿಲಯದಲ್ಲಿದ್ದರು. ಡಟ್ಟನ್ ಅಲ್ಲಿಗೆ ಹೋಗಿ, ನನ್ನಂಥವನಿಂದ ಅಲ್ಲಿ ಉಪಯೋಗವುಂಟೇ ಎಂದು ವಿಚಾರಿಸಿಕೊಂಡರು. ಉಂಟೆಂದು ತಿಳಿದ ಮೇಲೆಯೇ ಹಡಗು ಹತ್ತಿದ್ದು. ಸೇವೆಗೆ ಹೊರಡುವವರು ತಮ್ಮ ಉತ್ಸಾಹವನ್ನು ಅಳೆದು ನೋಡುವುದುಂಟು. ಹೋಗುವ ಊರಿಗೆ ತಮ್ಮಿಂದ ಏನಾದೀತೆಂದು ಮೊದಲು ಕೇಳುವವರು ಅಪರೂಪ.

ದಾಮಿಯನ್ನರು ಕುದುರೆಗಾಡಿಯಲ್ಲಿ ಬಂದು ಅವರನ್ನು ಕಲವಾವೊಗೆ ಕರೆದೊಯ್ದರು. ವ್ರತ ತೊಡದಿದ್ದರೂ ‘ಬ್ರದರ್ ಜೋಸೆಫ್’ ಎಂದು ಕರೆದರು. ಆ ಹೆಸರೇ ನಿಂತಿತು. ಆಗ ಜಪಾನಿನ ಡಾಕ್ಟರ್ ಗೋಟೊ ಎಂಬವರ ಔಷಧಸ್ನಾನದ ಚಿಕಿತ್ಸೆಯಲ್ಲಿ ದಾಮಿಯನ್ನರಿಗೆ ಬಲವಾದ ನಂಬಿಕೆ ಹುಟ್ಟಿತ್ತು. ಅದರ ಏರ್ಪಾಟಿನಲ್ಲಿ ಕೈಹಾಕುವುದರಿಂದ ಹೊಸಬರ ಕೆಲಸ ಆರಂಭವಾಯಿತು. ಹುಣ್ಣು ತೊಳೆದು ಪಟ್ಟಿ ಕಟ್ಟುವುದು, ಪೂಜಾಪೀಠದ ವಸ್ತ್ರಗಳನ್ನು ನೋಡಿಕೊಳ್ಳುವುದು, ಅನಾಥ ಹುಡುಗರ ಮನೆಯ ಮೇಲ್ವಿಚಾರಣೆ, ಹೊರಗಿನಿಂದ ಬರುವ ಕಾಣಿಕೆಗಳ ಲೆಕ್ಕ, ಪತ್ರಗಳಿಗೆ ಉತ್ತರ. ಹಳೆಯ ಉಗ್ರಾಣದ ಸಾರ್ಜೆಂಟನಿಗೆ ಇವು ಯಾವುವೂ ಹೊಸವಲ್ಲ. ಮರದ ಕೆಲಸದಲ್ಲಿ ದಾಮಿಯನ್ನರು ಆರಂಭಶೂರರು, ಬ್ರದರ್ ಜೋಸೆಫ್ ಮುಗಿಸುವವರು. ಒಬ್ಬರ ಕೋಪವನ್ನು ಇನ್ನೊಬ್ಬರ ಸಾವಧಾನ ನುಂಗಿಕೊಂಡಿತು. ಹದಿಮೂರು ವರ್ಷ ಜೊತೆಗಾರರೊಡನೆ ಹೊಂದಿಕೊಳ್ಳಲಾರದೆ ಇದ್ದ ದಾಮಿಯನ್ನರು ಇವರೊಡನೆ ಮಾತ್ರ ಹೊಂದಿಕೊಂಡುದಕ್ಕೆ ಇವರು ಆಜ್ಞೆ ಮಾಡಲು ಬಂದವರಲ್ಲ ಎಂಬುದೇ ಮುಖ್ಯ ಕಾರಣವಿರಬೇಕು.

ಇವರೊಬ್ಬರೇ ಬಂದರೆಂದಲ್ಲ. 1888ರಲ್ಲಿ ಬೆಲ್ಜಿಯಮ್ಮಿನ ಕೊನ್ರಾರ್ಡಿ ಸ್ವಾಮಿಗಳೂ ಶಿಕಾಗೋ ನಗರದಿಂದ ಜೇಮ್ಸ್ ಸಿನ್ನೆಟ್ ಎಂಬ ಶುಶ್ರೂಷಕರೂ ಬಂದು, ದಾಮಿಯನ್ನರ ಕೊನೆಯ ದಿನಗಳಲ್ಲಿ ಆಸರೆಯಾದರು. ಸಿನ್ನೆಟ್ ದಾಮಿಯನ್ನರ ಮರಣವಾದ ಬಳಿಕ ಹಿಂದಿರುಗಿದರು. ಕೊನ್ರಾರ್ಡಿಯವರು ಕೆಲವು ವರ್ಷಗಳ ತರುವಾಯ ಚೀನಾಕ್ಕೆ ಹೋಗಿ, ಕ್ಯಾಂಟನ್ ಬಳಿ ಕುಷ್ಠರೋಗಿಗಳಿಗಾಗಿ ಆಶ್ರಮ ಸ್ಥಾಪಿಸಿ 1914ರಲ್ಲಿ ತೀರಿಕೊಂಡರು. ಬಂದು ಹೋದವರ ಸೇವೆಯೂ ಸೇವೆಯೇ.

1888ರ ನವೆಂಬರ್ 14ರಂದು ಕಲೌಪಾಪಕ್ಕೆ ಮೂವರು ಕನ್ಯಾಸ್ತ್ರೀಯರು ಬಂದಿಳಿದರು. ಅವರ ನಾಯಕಿ ಮದರ್ ಮೇರಿಯಾನ್ ಕೋಪ್. ಜರ್ಮನಿಯಲ್ಲಿ ಹುಟ್ಟಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಬೆಳೆದು, ಅಲ್ಲಿಯ ಸಿರಾಕ್ಯೂಸ್ ನಗರದ ಫ್ರಾನ್ಸಿಸ್ಕನ್ ಸಭೆಗೆ ಮುಖ್ಯಸ್ಥೆಯಾಗಿದ್ದವರು. ಹವಾಯಿ ಸರಕಾರದ ಪರವಾಗಿ ಐವತ್ತಕ್ಕೂ ಹೆಚ್ಚು ಸಭೆಗಳಿಗೆ ಬರೆದ ಪತ್ರಕ್ಕೆ ಒಪ್ಪಿಗೆಯ ಉತ್ತರ ಕೊಟ್ಟವರು ಅವರು. 1883ರಲ್ಲಿ ಆರು ಮಂದಿ ಸಹೋದರಿಯರೊಡನೆ ಹೊನೊಲುಲುವಿಗೆ ಬಂದಿದ್ದರು. ವ್ಯವಸ್ಥೆ ಸರಿಹೋದ ಮೇಲೆ ಹಿಂದಿರುಗುವ ಎಣಿಕೆ ಇತ್ತು. ಹಿಂದಿರುಗಲಿಲ್ಲ. 1918ರ ಆಗಸ್ಟ್ 9ರಂದು ಕಲೌಪಾಪದಲ್ಲಿಯೇ ನಿಧನರಾದರು. ಕೈತೊಳೆಯುವ ನಿಯಮವನ್ನು ಅವರು ಕಟ್ಟುನಿಟ್ಟಾಗಿ ಪಾಲಿಸಿದರು. ಅವರ ಸಹೋದರಿಯರಲ್ಲಿ ಯಾರಿಗೂ ರೋಗ ತಗುಲಲಿಲ್ಲ. ಹೆಣ್ಣುಮಕ್ಕಳಿಗೆ ಬಟ್ಟೆ ಹೊಲಿಯುವುದನ್ನು ಕಲಿಸಿದರು, ಬೋಳು ನೆಲದಲ್ಲಿ ಗಿಡಮರ ಬೆಳೆಸಿದರು. ದಾಮಿಯನ್ನರದು ಬೋಗುಣಿಯನ್ನು ಹಂಚಿಕೊಂಡ ಪ್ರೀತಿ. ಮದರ್ ಮೇರಿಯಾನರದು ಕೈತೊಳೆದು ಉಳಿದ ಪ್ರೀತಿ. ಎರಡನ್ನೂ ಆ ಜನ ಸ್ವೀಕರಿಸಿದರೆಂಬುದನ್ನು ನಾವು ಗಮನಿಸಬೇಕು.

1889ರ ಏಪ್ರಿಲ್ 15ರಂದು, ಪವಿತ್ರ ವಾರದ ಸೋಮವಾರ, ದಾಮಿಯನ್ನರು ತೀರಿಕೊಂಡರು. ಮೊದಲ ರಾತ್ರಿ ಮಲಗಿದ ಮರದ ಬಳಿಯಲ್ಲಿಯೇ ಸಮಾಧಿಯಾಯಿತು. ಲೋಕದ ಪತ್ರಿಕೆಗಳೆಲ್ಲ ಬರೆದವು. ಮರುತಿಂಗಳು ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ ಅಲ್ಲಿಗೆ ಬಂದು ಸುಮಾರು ಒಂದು ವಾರ ತಂಗಿ ಹೋದರು. ಆ ಗದ್ದಲವೆಲ್ಲ ಅಡಗಿದ ಮೇಲೆ, ಮರುದಿನದ ಬೆಳಗಿಗೆ ಹುಣ್ಣು ತೊಳೆಯಲು ಕಾದಿದ್ದ ಹುಡುಗರು ಹಾಗೆಯೇ ಇದ್ದರು. ಬ್ರದರ್ ಜೋಸೆಫರ ನಿಜವಾದ ಚರಿತ್ರೆ ಇಲ್ಲಿಂದ ಪ್ರಾರಂಭವಾಗುತ್ತದೆ. ಬರೆಯಲು ಕಷ್ಟವಾದುದೂ ಅದೇ. ಏಕೆಂದರೆ ಅದರಲ್ಲಿ ಘಟನೆಗಳು ಕಡಿಮೆ, ದಿನಗಳು ಹೆಚ್ಚು.

ಮಾವಿ ದ್ವೀಪದ ಹೆನ್ರಿ ಬಾಲ್ಡ್‌ವಿನ್ ಎಂಬ ಪ್ರೊಟೆಸ್ಟೆಂಟ್ ಕಬ್ಬಿನ ತೋಟದ ಧಣಿಯ ಧನಸಹಾಯದಿಂದ 1894ರಲ್ಲಿ ಕಲವಾವೊದಲ್ಲಿ ಹುಡುಗರ ಹೊಸ ನಿವಾಸ ಎದ್ದಿತು. ಅದಕ್ಕೆ ಬಾಲ್ಡ್‌ವಿನ್ ಗೃಹವೆಂದೇ ಹೆಸರು. ಬ್ರದರ್ ಜೋಸೆಫ್ ಅದರ ವ್ಯವಸ್ಥಾಪಕರು. ಮೊದಲು ಕನ್ಯಾಸ್ತ್ರೀಯರ ಜೊತೆಗೂಡಿ, 1895ರಿಂದ ಪವಿತ್ರ ಹೃದಯಗಳ ಸಭೆಯ ಬ್ರದರ್‌ಗಳೊಡನೆ ಆ ಮನೆಯನ್ನು ನಡೆಸಿದರು. ಒರಟು ನೀಲಿ ಬಟ್ಟೆಯ ಅಂಗಿ ಷರಾಯಿ ಅವರ ನಿತ್ಯದ ಉಡುಪು. ಸಂತ ಫ್ರಾನ್ಸಿಸ್ಸರ ಮೂರನೆಯ ಸಭೆಗೆ ಸೇರಿ, ಗೃಹಸ್ಥರಾಗಿಯೇ ಉಳಿದರು. ಹುಡುಗರಿಗೆ ಬೇಸ್‌ಬಾಲ್ ಆಟ ಕಲಿಸಿದರು. ಬೆರಳು ಸವೆದ ಕೈಗಳಿಂದ ಆ ಮಕ್ಕಳು ಚೆಂಡು ಹಿಡಿಯುತ್ತಿದ್ದರು. ಹಿಂದಿನ ವರ್ಷ ಆಡಿದವನು ಮುಂದಿನ ವರ್ಷ ಇರುತ್ತಿರಲಿಲ್ಲ. ಅವನ ಸ್ಥಾನಕ್ಕೆ ಹಡಗಿನಿಂದ ಇನ್ನೊಬ್ಬ ಬಂದಿರುತ್ತಿದ್ದ. ನಲವತ್ತು ವರ್ಷ ಹೀಗೆ ಬಂದವರನ್ನು ಬರಮಾಡಿಕೊಂಡು, ಹೋದವರನ್ನು ಮಣ್ಣುಮಾಡಿ, ಸಂಜೆ ಕುಳಿತು ಕಾಗದ ಬರೆದರು. ಅವರು ಪತ್ರ ಬರೆಯುತ್ತಿದ್ದವರ ವಿಳಾಸಗಳ ಸಂಖ್ಯೆ ಸಾವಿರಗಳನ್ನು ದಾಟಿತ್ತು. ಊರು ಬಿಡದ ಮನುಷ್ಯ ಹೀಗೆ ಲೋಕಕ್ಕೆಲ್ಲ ಪರಿಚಿತನಾದ. ರೋಗ ಮಾತ್ರ ಅವರಿಗೆ ಕೊನೆಯವರೆಗೂ ತಗುಲಲಿಲ್ಲ.

ಚರಿತ್ರೆಕಾರನು ಬದಿಗಿಡಬಾರದ ಒಂದು ವಿಷಯ ಇಲ್ಲಿದೆ. 1881ರಲ್ಲಿ ರಾಜಕುಮಾರಿಯಾಗಿ ಕಲವಾವೊಗೆ ಬಂದು, ರೋಗಿಗಳ ಎದುರು ಕಣ್ಣೀರಿನಿಂದ ಮಾತು ಹೊರಡದೆ ನಿಂತ ಲಿಲಿಯುಒಕಲಾನಿ ಮುಂದೆ ರಾಣಿಯಾದರು. 1893ರ ಜನವರಿಯಲ್ಲಿ ಅಮೆರಿಕದ ನೌಕಾಸೈನಿಕರು ದಡದಲ್ಲಿ ಇಳಿದು ನಿಂತಿದ್ದಾಗ ವಲಸಿಗ ವರ್ತಕರೂ ತೋಟದ ಧಣಿಗಳೂ ಅವರನ್ನು ಸಿಂಹಾಸನದಿಂದ ಇಳಿಸಿದರು. 1898ರಲ್ಲಿ ಹವಾಯಿ ಅಮೆರಿಕಕ್ಕೆ ಸೇರಿಹೋಯಿತು. ಪರದೇಶಕ್ಕೆ ಬಂದಿದ್ದ ಡಟ್ಟನ್ ಕುಳಿತಲ್ಲಿಯೇ ತಮ್ಮ ದೇಶದೊಳಗಾದರು. ತಮ್ಮ ದೇಶದಲ್ಲಿಯೇ ಇದ್ದ ಅವರ ಹುಡುಗರು ರಾಜ್ಯ ಕಳೆದುಕೊಂಡರು. ಹಳೆಯ ಯೋಧರಾದ ಬ್ರದರ್ ಜೋಸೆಫ್ ಕಲವಾವೊದಲ್ಲಿ ಅಮೆರಿಕದ ಧ್ವಜವನ್ನು ಭಕ್ತಿಯಿಂದ ಏರಿಸುತ್ತಿದ್ದರು. 1908ರ ಜುಲೈ ತಿಂಗಳಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಆಜ್ಞೆಯಂತೆ, ಲೋಕಪ್ರದಕ್ಷಿಣೆಗೆ ಹೊರಟಿದ್ದ ಹದಿನಾರು ಯುದ್ಧನೌಕೆಗಳು ದಾರಿ ಬಿಟ್ಟು ಮೊಲೊಕಾಯಿಯ ಸಮೀಪ ಬಂದು, ಆ ವೃದ್ಧರ ಗೌರವಾರ್ಥ ಧ್ವಜ ತಗ್ಗಿಸಿ ಸಾಗಿದವು. ಅವರ ಸಂತೋಷಕ್ಕೆ ಪಾರವಿರಲಿಲ್ಲ. ಆದರೆ ಅದು ರಾಣಿಯ ರಾಜ್ಯವನ್ನು ನುಂಗಿದ ಧ್ವಜವೂ ಹೌದು. ಪರಸ್ಥಳಕ್ಕೆ ಸೇವೆಗೆ ಬಂದವನು ಎಷ್ಟು ಒಳ್ಳೆಯವನಾದರೂ ತನ್ನ ನಾಡಿನ ಬಲದ ನೆರಳು ಅವನೊಡನೆ ಬರುತ್ತದೆ. ಬ್ರದರ್ ಜೋಸೆಫರಿಗೆ ಅದು ಕಾಣಿಸಿದಂತಿಲ್ಲ. ಜನರು ಅವರನ್ನು ಒಪ್ಪಿಕೊಂಡುದು ಆ ಧ್ವಜದಿಂದಲ್ಲ. ದಿನವೂ ಬೆಳಿಗ್ಗೆ ಪಟ್ಟಿ ಕಟ್ಟಿದ ಕೈಯಿಂದ.

ನಮ್ಮ ನಾಡಿನಲ್ಲಿಯೂ ಅದೇ ಕಾಲದಲ್ಲಿ ಇಂತಹದೇ ಒಂದು ಕಾರ್ಯ ಸದ್ದಿಲ್ಲದೆ ನಡೆದಿತ್ತು. ಇಟಲಿಯ ಯೇಸುಸಭೆಯವರೊಡನೆ 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದವರಲ್ಲಿ ಜರ್ಮನಿಯ ಅಗಸ್ಟಸ್ ಮುಲ್ಲರ್ ಸ್ವಾಮಿಗಳೂ ಒಬ್ಬರು. 1880ರಲ್ಲಿ ಹೋಮಿಯೋಪಥಿ ಔಷಧಿಗಳನ್ನು 	ಬಡವರಿಗೆ ಹಂಚುವುದರಿಂದ ಆರಂಭಿಸಿ, ಕಂಕನಾಡಿಯ ಗುಡ್ಡದ ಮೇಲೆ 1890ರಲ್ಲಿ, ದಾಮಿಯನ್ನರು ತೀರಿಕೊಂಡ ಮರುವರ್ಷ, ಕುಷ್ಠರೋಗಿಗಳಿಗೆ ಆಶ್ರಯವನ್ನು ತೆರೆದರು. ಅವರೂ ಹಿಂದಿರುಗಲಿಲ್ಲ, 1910ರಲ್ಲಿ ಮಂಗಳೂರಿನಲ್ಲಿಯೇ ಅಸುನೀಗಿದರು. ಕಂಕನಾಡಿಯ ಆಸ್ಪತ್ರೆಗೆ ಜನರು ಇಂದಿಗೂ ಅವರ ಹೆಸರನ್ನೇ ಹೇಳುತ್ತಾರೆ. ಮೊಲೊಕಾಯಿಗೂ ಕಂಕನಾಡಿಗೂ ನೇರವಾದ ನಂಟನ್ನು ಕಲ್ಪಿಸುವುದು ನನ್ನ ಉದ್ದೇಶವಲ್ಲ. ಆದರೆ ಕಾಲ ಒಂದೇ, ರೋಗ ಒಂದೇ, ಪರದೇಶದವನ ಪಾಡೂ ಒಂದೇ. ಮುಲ್ಲರ್ ಸ್ವಾಮಿಗಳ ಪಟದ ಕೆಳಗಿನ ಆ ಎರಡು ವರ್ಷಗಳ ನಡುವೆ ಸಹ ಹೀಗೆಯೇ ಸಾವಿರಾರು ಬೆಳಗುಗಳಿವೆ.

ಮೊಲೊಕಾಯಿಗೆ ಮರಳೋಣ. 1886ರಲ್ಲಿ ಕಾಲಿಟ್ಟ ಬ್ರದರ್ ಜೋಸೆಫ್ 1930ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಕಣ್ಣಿನ ಚಿಕಿತ್ಸೆಗಾಗಿ ಹೊನೊಲುಲುವಿಗೆ ಹೋದರು. 1931ರ ಮಾರ್ಚ್ 26ರಂದು ಅಲ್ಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ದೇಹವನ್ನು ಕಲವಾವೊಗೆ ತಂದು, ಸಂತ ಫಿಲೋಮಿನಾ ದೇವಾಲಯದ ಪಕ್ಕದಲ್ಲಿ, ದಾಮಿಯನ್ನರ ಸಮಾಧಿಯ ಬಳಿ ಇರಿಸಿದರು. ಐದು ವರ್ಷಗಳ ತರುವಾಯ, 1936ರಲ್ಲಿ, ದಾಮಿಯನ್ನರ ಅವಶೇಷಗಳನ್ನು ಬೆಲ್ಜಿಯಮ್ಮಿಗೆ ಒಯ್ದರು; ಬಲಗೈಯ ಅವಶೇಷ ಮಾತ್ರ 1995ರಲ್ಲಿ ಕಲವಾವೊಗೆ ಹಿಂದಿರುಗಿತು. ದಾಮಿಯನ್ನರಿಗೆ 2009ರಲ್ಲಿ, ಮದರ್ ಮೇರಿಯಾನರಿಗೆ 2012ರಲ್ಲಿ ಸಂತ ಪದವಿಯ ಘೋಷಣೆಯಾಯಿತು. ಜೋಸೆಫ್ ಡಟ್ಟನ್ ಮಲಗಿದಲ್ಲಿಯೇ ಇದ್ದಾರೆ. ಎದುರಿನ ಹುಲ್ಲುಗಾವಲಿನಲ್ಲಿ ಕಲ್ಲೂ ಇಲ್ಲದ, ಹೆಸರೂ ಇಲ್ಲದ ನೂರಾರು ಸಮಾಧಿಗಳು.

ಬಾಲ್ಡ್‌ವಿನ್ ಗೃಹವನ್ನು 1932ರಲ್ಲಿ ಕಲೌಪಾಪಕ್ಕೆ ಸಾಗಿಸಿದರು, ಕಲವಾವೊ ನಿರ್ಜನವಾಯಿತು. ದಾಮಿಯನ್ನರು ಮೊಲೊಕಾಯಿಗೆ ಬಂದ 1873ರಲ್ಲಿಯೇ ನಾರ್ವೆಯ ಹಾನ್ಸೆನ್ ಎಂಬ ವೈದ್ಯರು ಈ ರೋಗದ ಅಣುಜೀವಿಯನ್ನು ಕಂಡಿದ್ದರು. ಆದರೆ ಫಲಕಾರಿಯಾದ ಸಲ್ಫೋನ್ ಔಷಧಿ ಕಲೌಪಾಪಕ್ಕೆ ತಲುಪಿದ್ದು 1946ರಲ್ಲಿ. ಬೇರ್ಪಡಿಸುವ ಕಾನೂನು 1969ರವರೆಗೂ ಉಳಿದಿತ್ತು. ಅದು ರದ್ದಾದಾಗ, ಬಾಲ್ಯದಲ್ಲಿ ತಾಯಿಯ ಕೈಯಿಂದ ಬಿಡಿಸಿ ಹಡಗು ಹತ್ತಿಸಲ್ಪಟ್ಟಿದ್ದ ಮುದುಕರಿಗೂ ಮುದುಕಿಯರಿಗೂ ಎಲ್ಲಿಗೆ ಬೇಕಾದರೂ ಹೋಗುವ ಸ್ವಾತಂತ್ರ್ಯ ದೊರೆಯಿತು. ಕೆಲವರು ಹೋದರು, ಹಲವರು, ಇದೇ ನಮ್ಮ ಊರೆಂದು, ಅಲ್ಲಿಯೇ ಉಳಿದರು. 1980ರಲ್ಲಿ ಅಮೆರಿಕದ ಸರಕಾರ ಆ ಭೂಶಿರವನ್ನು ರಾಷ್ಟ್ರೀಯ ಐತಿಹಾಸಿಕ ಉದ್ಯಾನವನ್ನಾಗಿ ಮಾಡಿದಾಗ, ಅಲ್ಲಿ ನೆಲೆಸಿದವರು ಬಯಸಿದಷ್ಟು ಕಾಲ ತಮ್ಮ ಮನೆಗಳಲ್ಲಿಯೇ ಇರಬಹುದೆಂಬ ಮಾತನ್ನು ಕಾನೂನಿನಲ್ಲಿಯೇ ಬರೆಯಿತು.